ಮ್ಯಾಗ್ನೆಟೋ ತರ್ತೀನಿ ಅಂದವನು

ಸಾಮಾನು ಬಂದಿತ್ತು. ಸಿಗಲಿಲ್ಲ ಅಂತ ಅವನು ಹೇಳಿದ, ನಾವು ನಂಬಿದೆವು, ನಮ್ಮ ಯಜಮಾನರು ಕಾಯ್ತಾ ಕಾಯ್ತಾ ಸತ್ತರು. ನಡೆದದ್ದು ಇಷ್ಟೇ.

ಹೆಸರು ಬರೆಯಲ್ಲ. ಅವನ ಹೆಂಡತಿ ನಮ್ಮ ಹಿಂದಿನ ಬೀದೀಲೇ ಇದಾಳೆ, ಅವಳದೇನೂ ತಪ್ಪಿಲ್ಲ. ಹಳೇ ಕಾರು ಇಟ್ಟುಕೊಂಡಿರೋ ಐದಾರು ಜನ ಸೇರಿ ಅವನ ನೆನಪಿಗೆ ಒಂದು ಪುಸ್ತಕ ಮಾಡ್ತಾರಂತೆ. "ಅವರನ್ನ ಹತ್ತಿರದಿಂದ ಕಂಡೋರು ನೀವು, ನಾಲ್ಕು ಮಾತು ಬರೆದುಕೊಡಿ ಅಜ್ಜಿ" ಅಂತ ಬಂದು ಕೂತಿದ್ದರು. ನಮ್ಮ ಮನೆ ಕಾರಿನ ವಿಷಯಕ್ಕೆ ಅವರಿಗೆ ನನ್ನ ಮೇಲೆ ಬೇಜಾರಿದೆ. ಯಾಕೆ ಹಂಗೆ ಮಾಡಿದೆ ಅಂತ ಇದನ್ನ ಓದಿದರೆ ತಿಳೀತದೆ. ನಾನು ಓದಿದ್ದು ಗುಬ್ಬಿ ಹತ್ತಿರದ ಹಳ್ಳೀಲಿ ನಾಲ್ಕನೇ ಕ್ಲಾಸು. ಬರೆಯೋಕೆ ಬರ್ತದೆ, ಸಿಹಿ ಹಾಕಿ ಬರೆಯೋಕೆ ಬರಲ್ಲ. ಬೇಡ ಅನ್ನಿಸಿದರೆ ಹಾಕಬೇಡಿ ಅಂತ ಮೊದಲೇ ಹೇಳಿದೀನಿ.

ಸಣ್ಣಗೆ, ಉದ್ದಕ್ಕೆ ಇದ್ದ. ಹಿರೇಹಳ್ಳೀಲಿ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಿಷಿನ್ನಿನ ಮುಂದೆ ಹದಿನೈದು ವರ್ಷ ನಿಂತಿದ್ದವನು. ಅದು ಮುಚ್ಚಿಹೋದ ಮೇಲೆ ಕೆಲಸ ಇಲ್ಲದೆ ನಮ್ಮ ಬಟವಾಡಿ ಸರ್ಕಲ್ಲಲ್ಲಿ ತಿರುಗ್ತಿದ್ದ. ಅಂಗಿಗೆ ಎರಡು ಜೇಬು. ಒಂದರಲ್ಲಿ ಅಳತೆ ನೋಡೋ ವರ್ನಿಯರು, ಇನ್ನೊಂದರಲ್ಲಿ ಮಡಿಸಿದ ಉಪ್ಪುಕಾಗದ. ಮಾತಾಡ್ತಾ ಮಾತಾಡ್ತಾ ಕೈಗೆ ಸಿಕ್ಕಿದ್ದನ್ನ ಅಳೀತಿದ್ದ. ಒಂದು ಸಲ ಗೌರಿ ಹಬ್ಬಕ್ಕೆ ಚಕ್ಕುಲಿ ಕೊಟ್ಟರೆ ಅದನ್ನೂ ವರ್ನಿಯರಿಗೆ ಸಿಕ್ಕಿಸಿದ.

"ಎಲ್ಲಾ ಒಂದೇ ದಪ್ಪ ಬಂದವೆ ಕಣಕ್ಕ."

"ತಿನ್ನೋ ವಸ್ತು ಅದು. ಬಾಯಿಗೆ ಹಾಕ್ಕೊ."

"ತಿಂತೀನಿ. ಅಳತೆ ಗೊತ್ತಿದ್ದು ತಿಂದ್ರೆ ಇನ್ನೂ ರುಚಿ."

ಇಂಥ ಮಾತಿಗೆ ನಮ್ಮ ಯಜಮಾನರು ಬಿದ್ದು ಬಿದ್ದು ನಗೋರು. ಅವರು ಹಂಗೆ ನಗ್ತಿದ್ದಿದ್ದು ಅವನ ಮುಂದೆ ಮಾತ್ರ. ನಲವತ್ತು ವರ್ಷ ಅನ್ನ ಬೇಯಿಸಿ ಹಾಕಿದ ನಾನು ಆ ನಗು ಒಂದು ದಿನವೂ ತರಿಸಿದೋಳಲ್ಲ.

ಅವನು ನಮ್ಮನೆಗೆ ಬಂದಿದ್ದೇ ಕಾರಿನಿಂದ. ನಮ್ಮ ಯಜಮಾನರು ಗುಬ್ಬೀಲಿ ಒಬ್ಬ ದೊಡ್ಡ ಡಾಕ್ಟರ ಹತ್ತಿರ ಡ್ರೈವರಾಗಿದ್ದರು. ಡಾಕ್ಟರದು ಇಂಗ್ಲೆಂಡಿನ ಹಳೇ ಕಾರು, ಸ್ವಾತಂತ್ರ್ಯಕ್ಕೂ ಮುಂಚಿನದು. ಹೆರಿಗೆ ಅಂದರೆ, ಹಾವು ಕಚ್ಚಿತು ಅಂದರೆ ಕುಣಿಗಲ್ ಕಡೆಯ ಹಳ್ಳಿಗಳಿಗೂ ಆ ಕಾರೇ ಹೋಗೋದು. ಡಾಕ್ಟರು ತೀರಿಕೊಂಡ ಮೇಲೆ ಮಕ್ಕಳು "ಇದನ್ನ ನೀನೇ ಇಟ್ಕೊಳಪ್ಪ" ಅಂದರು. ಕೊಟ್ಟರು ಅನ್ನೋದಕ್ಕಿಂತ ಜಾಗ ಖಾಲಿ ಮಾಡಿಕೊಂಡರು. ಇವರು ಮಾತ್ರ ಮದುವೆ ಹೆಣ್ಣನ್ನ ಕರಕೊಂಡು ಬಂದಂಗೆ ಬಟವಾಡಿಗೆ ತಂದರು. ಮನೆ ಪಕ್ಕ ಶೀಟಿನ ಶೆಡ್ಡು ಹಾಕಿಸಿದರು. ಎರಡು ವರ್ಷ ಓಡಿತು. ಆಮೇಲೆ ಕಿಡಿ ಹುಟ್ಟಿಸೋ ಸಾಮಾನು ಸುಟ್ಟುಹೋಯಿತು. ಮ್ಯಾಗ್ನೆಟೋ ಅಂತ ಅದರ ಹೆಸರು. ಅದಿಲ್ಲದೆ ಇಂಜಿನ್ನು ಸ್ಟಾರ್ಟ್ ಆಗಲ್ಲ. ಬೆಂಗಳೂರಿನ ಗ್ಯಾರೇಜಿನವರು ಬೇರೆ ಕಾರಿನದು ಏನೋ ಕೂರಿಸಿ ಕೊಡ್ತೀವಿ ಅಂದರು. ಇವರು ಒಪ್ಪಲಿಲ್ಲ. "ಬೇರೇದು ಹಾಕಿದ್ರೆ ಅದು ಡಾಕ್ಟ್ರ ಕಾರಲ್ಲ ಕಣೇ" ಅಂದರು. ಹಟ. ಆ ಹಟವೇ ಅವನಿಗೆ ಬಾಗಿಲು ತೆಗೆದಿದ್ದು.

ತೊಂಬತ್ತೈದೋ ತೊಂಬತ್ತಾರೋ ಇರಬೇಕು. ಶೆಡ್ಡಿನ ಬಾಗಿಲು ತೆಗೆದಿತ್ತು, ರಸ್ತೇಲಿ ಹೋಗ್ತಿದ್ದವನು ನಿಂತುಬಿಟ್ಟ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಕಾರಿನ ಬಾನೆಟ್ಟು ಮುಟ್ಟಿ ಕಣ್ಣಿಗೊತ್ತಿಕೊಂಡ. ಅಷ್ಟು ಸಾಕಾಯ್ತು ನಮ್ಮ ಯಜಮಾನರಿಗೆ. ಅವತ್ತಿಂದ ಇವರು ಅಣ್ಣ, ನಾನು ಅಕ್ಕ.

ಹಳೇ ಕಾರಿನ ಸಾಮಾನು ಹುಡುಕಿ ತಂದು ಬೆಂಗಳೂರಲ್ಲಿ ಮಾರೋದನ್ನ ಶುರು ಮಾಡಿದ. ಗುಬ್ಬಿ, ಕುಣಿಗಲ್, ಕೋರ ಅಂತ ಹಳೇ ಶ್ರೀಮಂತರ ಮನೆಗಳ ಹಿತ್ತಲು, ನಿಂತುಹೋದ ಅಕ್ಕಿ ಗಿರಣಿ, ದನದ ಕೊಟ್ಟಿಗೆ ಎಲ್ಲ ನುಗ್ಗಿ ನೋಡ್ತಿದ್ದ. ಆದರೆ ಕೇಳಿದ ಕಡೆ ಎಲ್ಲ ಗಂಡಸರು ಅಡ್ಡ ಬರೋರು. ದುಡ್ಡು ತೋರಿಸಿದ ಕೂಡಲೇ "ಇದಕ್ಕೆ ಭಾರೀ ಬೆಲೆ ಇರಬೇಕು" ಅಂತ ಒಳಗಿಟ್ಟುಬಿಡೋರು. ಒಂದು ದಿನ ಬಂದು ತಲೆ ಮೇಲೆ ಕೈ ಹೊತ್ತು ಕೂತ. ಗುಬ್ಬೀಲಿ ಒಂದು ಮನೇಲಿ ಕಾರಿನ ಚಕ್ರದ ಮುಚ್ಚಳ, ವೀಲ್ ಕಪ್ಪು ಅಂತಾರೆ, ಅದನ್ನ ಮಜ್ಜಿಗೆ ಗಡಿಗೆ ಮೇಲೆ ಮುಚ್ಚಿದ್ದಾರೆ, ಕೇಳಿದರೆ ಕೊಡಲ್ಲ ಅಂತಾರೆ ಅಂದ.

ನಾನು ಅಂದೆ, "ಹಳೇ ಬಟ್ಟೆ ತಗೊಂಡು ಸ್ಟೀಲ್ ಪಾತ್ರೆ ಕೊಡೋಳು ಬೀದಿಗೆ ಬರ್ತಾಳಲ್ಲ, ಅವಳ ಹಂಗೆ ಮಾಡು. ದುಡ್ಡು ತೋರಿಸಿದ್ರೆ ಗಂಡಸ್ರು ಬರ್ತಾರೆ. ಪಾತ್ರೆ ತೋರಿಸಿದ್ರೆ ಹೆಂಗಸ್ರು ಬಾಗಿಲಲ್ಲೇ ಮುಗಿಸ್ತಾರೆ."

ಮಾರನೇ ವಾರ ಒಂದು ಚೀಲ ಸ್ಟೀಲ್ ಡಬ್ಬಿ, ತಟ್ಟೆ, ಮುಚ್ಚಳ ಹೊತ್ತುಕೊಂಡು ಗುಬ್ಬಿಗೆ ಹೋದ. ಸಂಜೆ ವೀಲ್ ಕಪ್ಪಿನ ಜೊತೆ ಬಂದ. ಮಜ್ಜಿಗೆ ಗಡಿಗೆಗೆ ಹೊಸ ಮುಚ್ಚಳ ಕೂತಿತ್ತು, ಆ ಮನೆ ಹೆಂಗಸು "ಇನ್ನೂ ಮೂರವೆ, ನಾಳೆ ಹುಡುಕಿಡ್ತೀನಿ" ಅಂದಳಂತೆ. ಅವತ್ತಿಂದ ಸಾಯೋವರೆಗೂ ಅವನ ವ್ಯಾಪಾರ ಹಂಗೇ ನಡೆಯಿತು. ಇದನ್ನ ಯಾಕೆ ಬರೆದೆ ಅಂದರೆ, ಪುಸ್ತಕದಲ್ಲಿ ಎಲ್ಲರೂ ಅವನ ಬುದ್ಧಿವಂತಿಕೆ ಅಂತ ಇದನ್ನ ಬರೀತಾರೆ. ಆ ಬುದ್ಧಿ ನನ್ನದು. ಹೆಂಗಸರು ಏನು ಕೊಟ್ಟರೆ ಸುಮ್ಮನಾಗ್ತಾರೆ ಅಂತ ಅವನಿಗೆ ಹೇಳಿಕೊಟ್ಟವಳೇ ನಾನು.

ಎರಡು ಸಾವಿರ ಇಸವಿ ಕಳೆದ ಮೇಲೆ ಸೈಬರ್ ಸೆಂಟರು ಬಂದವು. ಅವನು ಅಲ್ಲಿ ಹೋಗಿ ಕೂರೋಕೆ ಶುರು ಮಾಡಿದ. ಅವನಿಗೆ ಬರ್ತಿದ್ದ ಇಂಗ್ಲಿಷೆಲ್ಲ ಕಾರಿನ ಒಳಗಿಂದು. ಗೇರು, ಪಿಸ್ಟನ್ನು, ಗ್ಯಾಸ್ಕೆಟ್ಟು. ಅಷ್ಟರಲ್ಲೇ ಲಂಡನ್ನಿನವರ ಜೊತೆ ವ್ಯಾಪಾರ ಮಾಡಿದ. ನನಗೆ ಹಿಂಗೆ ತಿಳಿಸಿಕೊಟ್ಟ:

"ದೇವಸ್ಥಾನದ ಮುಂದೆ ಬಾಳೆಗೊನೆ ಹರಾಜು ಕೂಗಲ್ವಾ ಅಕ್ಕ, ಅದೇ ಇದು. ಕೂಗೋರು ಲಂಡನ್ನಲ್ಲಿ, ಜರ್ಮನೀಲಿ ಕೂತಿರ್ತಾರೆ. ಬಾಯಿ ಬಿಡಲ್ಲ, ಗುಂಡಿ ಒತ್ತುತಾರೆ. ಇಷ್ಟು ಗಂಟೆಗೆ ಮುಗೀತದೆ ಅಂತ ಮೊದಲೇ ಹಾಕಿರ್ತಾರೆ. ಆ ಹೊತ್ತಿಗೆ ಯಾರದು ಹೆಚ್ಚೋ ಅವರದು ಸಾಮಾನು."

"ಮುಖ ನೋಡ್ದೆ ಹೆಂಗೋ ನಂಬ್ತಾರೆ?"

"ಫೋಟೊ ನೋಡಿ ನಂಬ್ತಾರೆ ಬುಡಕ್ಕ. ಮುಖ ನೋಡಿದ್ರೆ ನಂಬ್ತಿರ್ಲಿಲ್ಲ."

ಫೋಟೊ ತೆಗೀತಿದ್ದದ್ದು ನಮ್ಮ ತಾರಸಿ ಮೇಲೆ. ಕೆಳಗೆ ಹಾಸೋಕೆ ನಮ್ಮ ಯಜಮಾನರ ಬಿಳೀ ಪಂಚೆ ಬೇಕು. ಒಗೆದು ಮಡಿಸಿಟ್ಟಿದ್ದ ಪಂಚೆ ತಗೊಂಡು ಅದರ ಮೇಲೆ ಗ್ರೀಸ್ ಹತ್ತಿದ ಕಬ್ಬಿಣ ಇಡೋನು. ಒಬ್ಬ ಬಿಳಿಯ "ಆ ಬಟ್ಟೆಗೆ ಎಷ್ಟು" ಅಂತ ಬರೆದು ಕೇಳಿದ್ದನಂತೆ. "ಮಾರಿಬಿಡ್ಲಾ ಅಣ್ಣ?" ಅಂದ. "ನನ್ನನ್ನೂ ಸೇರಿಸಿ ಮಾರು, ಹಳೇ ಮಾಲೇ ನಾನೂ" ಅಂದರು ಇವರು. ಪಾರ್ಸಲ್ಲನ್ನ ಬಿಳೀ ಬಟ್ಟೇಲಿ ಹೊಲಿದು, ಅರಗು ಮುದ್ರೆ ಹಾಕಿ ಪೋಸ್ಟಾಫೀಸಿಗೆ ಕೊಡೋದು. ಹೊಲಿಯೋ ಕೆಲಸ ಅವನ ಹೆಂಡತೀದು. ಕುಣಿಗಲ್ ಕಡೆ ಹೆಣ್ಣು, ಮಾತು ಕಮ್ಮಿ. ನೂರಾರು ಪಾರ್ಸಲ್ ಹೊಲಿದು ಬೆರಳ ತುದಿ ಒರಟಾಗಿತ್ತು.

ಅವನು ಕೆಟ್ಟವನು ಅಂತ ಬರೆದುಬಿಟ್ಟರೆ ಸುಲಭ. ನಮ್ಮ ಯಜಮಾನರಿಗೆ ಲಕ್ವ ಹೊಡೆದ ದಿನ ಎತ್ತಿ ಆಟೋಗೆ ಹಾಕಿಕೊಂಡು ಹೋದೋನು ಅವನೇ. ಎಡಗಡೆ ಕೈಕಾಲು ಹೋಗಿತ್ತು. ಆಸ್ಪತ್ರೇಲಿ ಹದಿನೆಂಟು ದಿನ ನನ್ನ ಜೊತೆ ನೆಲದ ಮೇಲೆ ಕೂತಿದ್ದ. ನಮ್ಮ ಮಗಳು ಕೋರದಿಂದ ಬಂದು ಹೋಗಿ ಮಾಡ್ತಿದ್ದಳು. ಇವನು ಎದ್ದುಹೋಗಲಿಲ್ಲ. ಮನೆಗೆ ಬಂದ ಮೇಲೆ ಪ್ರತಿ ಭಾನುವಾರ ಬಂದು ಇವರಿಗೆ ಶೇವಿಂಗ್ ಮಾಡ್ತಿದ್ದ. ಒಂದು ಸಲವೂ ಕೆನ್ನೆ ಕುಯ್ಯಲಿಲ್ಲ. ಅದೂ ಅವನೇ.

ಇವರಿಗೆ ಆಮೇಲೆ ಉಳಿದದ್ದು ಒಂದೇ ಆಸೆ. ಬೆಳಿಗ್ಗೆ ಕಾಫಿ ಕುಡಿದು, ನನ್ನ ಹೆಗಲ ಮೇಲೆ ಭಾರ ಹಾಕಿ ಶೆಡ್ಡಿಗೆ ಹೋಗಿ ಕಾರಿನ ಡ್ರೈವರ್ ಸೀಟಲ್ಲಿ ಕೂರೋರು. ಬಲಗೈ ಸ್ಟೀರಿಂಗ್ ಮೇಲೆ ಇಟ್ಟು ಬಿಸಿಲು ಏರೋವರೆಗೂ ಅಲ್ಲೇ. "ಒಂದು ಸಲ ಸ್ಟಾರ್ಟ್ ಆದ್ರೆ ಸಾಕು. ಓಡೋದು ಬೇಡ. ಶಬ್ದ ಕೇಳಿಬುಟ್ರೆ ಸಾಕು" ಅಂತಿದ್ದರು.

ಅದೇ ಕಾರಿನ, ಅದೇ ಅಳತೆಯ ಮ್ಯಾಗ್ನೆಟೋ ಒಂದು ಹರಾಜಿಗೆ ಬಂದಿದೆ ಅಂತ ಅವನೇ ಓಡಿಬಂದು ಹೇಳಿದ. ಕೂಗೋಕೆ ದುಡ್ಡು ಬೇಕಲ್ಲ. "ಮುಂದಿನ ಎರಡು ಹಿತ್ತಾಳೆ ಹೆಡ್‌ಲೈಟು ಬಿಚ್ಚಿ ಮಾರಾಣ ಅಣ್ಣ. ಲೈಟು ಇಲ್ದಿದ್ರೂ ಇಂಜಿನ್ನು ಶಬ್ದ ಮಾಡ್ತದೆ" ಅಂದ. ಇವರು ಒಂದು ದಿನ ಯೋಚನೆ ಮಾಡಿ ಹ್ಞೂ ಅಂದರು. ಅವನು ಬಿಚ್ಚಿದ, ಸ್ಪ್ಯಾನರ್ ಎತ್ತಿಕೊಟ್ಟವಳು ನಾನು. ಲೈಟು ಬೇಗ ಮಾರಿಹೋದವು, ದುಡ್ಡು ಹರಾಜಿಗೆ ಅಂತ ಅವನ ಹತ್ತಿರವೇ ಇತ್ತು.

ಮ್ಯಾಗ್ನೆಟೋ ಹರಾಜು ಮುಗಿಯೋದು ಶುಕ್ರವಾರ. ಬೆಳಿಗ್ಗೆ ಇವರು ಸ್ನಾನ ಮಾಡಿಸು ಅಂದರು, ಹೊಸ ಅಂಗಿ ಕೇಳಿದರು. ಹಾಕಿಕೊಂಡು ಕಾರಲ್ಲಿ ಕೂತರು. ಮಧ್ಯಾಹ್ನ ಆಯಿತು, ಅವನು ಬರಲಿಲ್ಲ. ಶನಿವಾರವೂ ಬರಲಿಲ್ಲ. ಭಾನುವಾರ ಶೇವಿಂಗ್ ಸೆಟ್ಟು ಹಿಡಕೊಂಡು ಬಂದ. ಮುಖಕ್ಕೆ ನೊರೆ ಹಚ್ಚಿ ಅರ್ಧ ಕೆನ್ನೆ ಶೇವ್ ಮಾಡಿದ. ಆಮೇಲೆ ಇವರೇ ಕೇಳಿದರು.

"ಹೋಯ್ತೇನೋ?"

"ಹೋಯ್ತು ಅಣ್ಣ."

"ಎಷ್ಟು ಹೊತ್ತಿಗೆ ಮುಗೀತು?"

"ಹನ್ನೊಂದೂ ಹತ್ತಕ್ಕೆ."

ಇವರು ಕಣ್ಣು ಮುಚ್ಚಿ ಲೆಕ್ಕ ಹಾಕಿದರು. "ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ."

"ಅದೇ ಅಣ್ಣ. ಗುಂಡಿ ಮೇಲೆ ಬೆರಳಿಟ್ಟಿದ್ದೆ. ನಿಮ್ಮ ಕಾರಿಗೆ ಹಾಕೋ ಸಾಮಾನು, ರಾಹುಕಾಲದಲ್ಲಿ ತಗೊಂಡು ನಾಳೆ ಏನಾದ್ರೂ ಆದ್ರೆ ಅಂತ ಕೈ ತೆಗೆದುಬುಟ್ಟೆ. ಜರ್ಮನಿಯವನು ಹೊಡ್ಕೊಂಡ."

"ಒಳ್ಳೇ ಕೆಲಸ ಮಾಡ್ದೆ ಬುಡು" ಅಂದರು ಇವರು. ನೊರೆ ಹತ್ತಿದ ಮುಖದಲ್ಲೇ ಅವನ ಕೈ ತಟ್ಟಿದರು. ನಾನೂ ಬಾಗಿಲಲ್ಲಿ ನಿಂತು ಹೌದು ಅಂದೆ. ಅವನಿಗೆ ಅವತ್ತು ಎರಡು ಸಲ ಕಾಫಿ ಕೊಟ್ಟೆ.

ಈಗ ಅನ್ನಿಸ್ತದೆ. ಬಸ್ಸು ಸಿಗಲಿಲ್ಲ ಅಂದಿದ್ದರೆ ಬೈತಿದ್ದೆ. ಕರೆಂಟು ಹೋಯ್ತು ಅಂದಿದ್ದರೆ ಸೈಬರಿನವನನ್ನ ಹೋಗಿ ಕೇಳ್ತಿದ್ದೆ. ರಾಹುಕಾಲ ಅಂದ. ಯಾರನ್ನ ಹೋಗಿ ಕೇಳಲಿ? ನಮ್ಮಂಥವರು ತಿರುಗಿ ಕೇಳದೆ ಇರೋ ಮಾತು ಯಾವುದು ಅಂತ ಹುಡುಕಿ ತಂದಿದ್ದ. ಗಂಡನ ಮನೆಗೆ ಬಂದಾಗಿಂದ ಗೋಡೆ ಕ್ಯಾಲೆಂಡರಲ್ಲಿ ರಾಹುಕಾಲ ನೋಡದೆ ನಾನು ಹಾಲು ಕೂಡ ಹೆಪ್ಪು ಹಾಕಿದೋಳಲ್ಲ. ಅದು ಅವನಿಗೆ ಗೊತ್ತಿತ್ತು.

ಆಮೇಲೆ ಮುಂದಿನ ಸಲ, ಮುಂದಿನ ಸಲ ಅಂತಲೇ ಮೂರು ವರ್ಷ. ಇನ್ನೊಂದು ಬಂದಾಗ ಹೆಚ್ಚು ದುಡ್ಡು ಬೇಕಾಗ್ತದೆ ಅಂತ ಹಾರನ್ನು ಹೋಯಿತು. ಡ್ಯಾಶ್‌ಬೋರ್ಡಿನ ಗಡಿಯಾರ ಹೋಯಿತು. ಬಾಗಿಲಿನ ಹಿಡಿಗಳು ಹೋದವು. ಅದನ್ನ ಬಿಚ್ಚಿದ ಮೇಲೆ ಬಾಗಿಲಿಗೆ ತೆಂಗಿನ ಹಗ್ಗ ಕಟ್ಟಿದೆ. ಇವರು ಒಂದೊಂದಕ್ಕೂ ಒಪ್ಪಿದರು. ನಾನು ಒಂದೊಂದಕ್ಕೂ ಸ್ಪ್ಯಾನರ್ ಕೊಟ್ಟೆ. ಕೊನೆ ಕೊನೆಗೆ ಇವರು ಕೂರ್ತಿದ್ದದ್ದು ಸೀಟು, ಸ್ಟೀರಿಂಗು ಬಿಟ್ಟರೆ ತೂತು ತೂತಿನ ತಗಡಿನಲ್ಲಿ.

ಎರಡನೇ ಸಲ ಲಕ್ವ ಹೊಡೆದಾಗ ಮೂರೇ ದಿನ ಇದ್ದರು. ಮಾತು ತೊದಲ್ತಿತ್ತು. ಮಂಚದ ಒಂದು ಕಡೆ ನಾನು, ಇನ್ನೊಂದು ಕಡೆ ಅವನು. "ಪಾರ್ಸಲ್ಲು ಬಂತಾ" ಅಂತ ಕೇಳಿದರು. ಅವನು ಬಗ್ಗಿ ಕಿವಿಯ ಹತ್ತಿರ, "ದಾರೀಲಿದೆ ಅಣ್ಣ" ಅಂದ. ಅವತ್ತು ಅದನ್ನ ಕರುಣೆ ಅಂದುಕೊಂಡೆ. ಹೆಣಕ್ಕೆ ಹೆಗಲು ಕೊಟ್ಟ, ನಮ್ಮ ಅಳಿಯನಿಗಿಂತ ಜಾಸ್ತಿ ಅತ್ತ. ಇವರ ಪಂಚೆಗಳನ್ನ ಯಾರಿಗೆ ಕೊಡಲಿ ಅಂದಾಗ ಎಲ್ಲವನ್ನೂ ಅವನೇ ತಗೊಂಡು ಹೋದ.

ಅದಾಗಿ ಎರಡು ವರ್ಷಕ್ಕೆ ಅವನೂ ಹೋದ. ಕುಣಿಗಲ್ ಬಸ್‌ಸ್ಟ್ಯಾಂಡಲ್ಲಿ ಪಾತ್ರೆ ಚೀಲ ಕೆಳಗಿಟ್ಟು ಕೂತವನು ಏಳಲಿಲ್ಲವಂತೆ.

ಹನ್ನೊಂದನೇ ದಿನದ ತಿಥಿಗೆ ಹೋದೆ. ಹಳೇ ಕಾರಿನವರೂ ಬಂದಿದ್ದರು. ಊಟಕ್ಕೆ ಮುಂಚೆ ನನ್ನನ್ನ ಪಕ್ಕಕ್ಕೆ ಕರೆದು, ಅವನ ಫೋಟೊ ಕಡೆ ಕೈ ಮಾಡಿ, "ಅಜ್ಜಿ, ನಿಮ್ಮ ಶೆಡ್ಡಲ್ಲಿರೋ ಕಾರನ್ನ ನಾವು ರೆಡಿ ಮಾಡ್ತೀವಿ. ಮುಂದುಗಡೆ ಅವರ ಹೆಸರು ಬರೆಸಿ ದಸರೆಗೆ ಮೆರವಣಿಗೇಲಿ ಬಿಡ್ತೀವಿ. ಆ ಕಾರಿಗೋಸ್ಕರ ಎಷ್ಟು ಒದ್ದಾಡಿದ್ರು ಅವರು" ಅಂದರು. ನನಗೂ ಸರಿ ಅನ್ನಿಸಿತು. "ಭಾನುವಾರ ಬಂದು ತಗೊಂಡು ಹೋಗಿ" ಅಂದೆ. ಅವತ್ತು ಗುರುವಾರ.

ಆಮೇಲೆ ಒಳಗೆ ಹೋಗಿ ಅವನ ಹೆಂಡತಿ ಪಕ್ಕ ಕೂತೆ. ಕೋಣೆ ತುಂಬ ಪಾರ್ಸಲ್ ಹೊಲಿಯೋ ಬಟ್ಟೆ ಸುರುಳಿ. ಅವಳ ಮುಂದೆ ಎಲೆ ಹಾಕಿದ್ದರು, ಪಾಯಸ ಬಡಿಸಿದ್ದರು. ಮುಟ್ಟಿರಲಿಲ್ಲ.

"ಒಂದು ತುತ್ತು ತಿನ್ನಮ್ಮ" ಅಂದೆ.

"ಅವರಿಗೆ ಪಾಯಸ ಅಂದ್ರೆ ಪ್ರಾಣ ಅಕ್ಕ. ನಿಮ್ಮ ಕಾರಿನ ಸಾಮಾನು ಗೆದ್ದ ದಿನ, ಅದೇ ಶುಕ್ರವಾರ, ಮಟಮಟ ಮಧ್ಯಾಹ್ನ ಬಂದು 'ಪಾಯಸ ಮಾಡೇ, ಹೊಡೆದುಬುಟ್ಟೆ' ಅಂದ್ರು. ಎರಡು ಲೋಟ ಕುಡಿದ್ರು."

ಅವಳೇ ಮುಂದುವರಿಸಿದಳು.

"ರಾಹುಕಾಲದಲ್ಲಿ ಗೆದ್ದಿದ್ದು, ಅಣ್ಣನ ಕಾರಿಗೆ ಒಳ್ಳೇದಾ ಅಂತ ನಾನೇ ಕೇಳ್ದೆ. ನಮ್ಮನೇಲಿ ಅದನ್ನೆಲ್ಲ ನೋಡೋಳು ನಾನು. ಅವರು ನಗೋರು. ಲಂಡನ್ನಿಗೆ ಯಾವ ರಾಹುಕಾಲ ಕಣೇ ಅನ್ನೋರು."

"ಸಾಮಾನು ಬಂತಾ?"

"ಬಂತಲ್ಲಕ್ಕ. ಒಂದು ತಿಂಗಳಿಗೆ ಪೋಸ್ಟ್‌ಮ್ಯಾನು ತಂದುಕೊಟ್ಟ, ನಾನೇ ಸೈನ್ ಹಾಕ್ದೆ. ಎರಡು ವಾರ ಈ ಕಪಾಟಲ್ಲಿತ್ತು. ಆಮೇಲೆ ಯಾವನೋ ಎರಡರಷ್ಟು ಕೊಡ್ತೀನಿ ಅಂದ್ನಂತೆ. ಅಣ್ಣ ಒಪ್ಪಿದಾರೆ, ಅವರಿಗೆ ಇನ್ನೊಂದು ತರಿಸ್ತೀನಿ ಅಂದ್ರು. ನಾನೇ ಬಟ್ಟೆ ಹಾಕಿ ಹೊಲಿದುಕೊಟ್ಟೆ." ನನ್ನ ಮುಖ ನೋಡಿದಳು. "ನೀವು ಒಪ್ಪಿದ್ರಿ ಅಲ್ವಾ ಅಕ್ಕ?"

ಹೊರಗೆ ಎರಡನೇ ಪಂಕ್ತಿಗೆ ಎಲೆ ಹಾಕ್ತಿದ್ದರು. ಸತ್ತವನ ತಿಥಿ, ಹೆಂಡತಿ ಎದುರಿಗೆ ಕೂತಿದಾಳೆ, ಹ್ಞೂ ಅಂದುಬಿಡಬಹುದಿತ್ತು. ಆದರೆ ಹ್ಞೂ ಅಂದರೆ ನಮ್ಮ ಯಜಮಾನರು ಒಪ್ಪಿದಂಗಾಗ್ತದೆ.

"ಇಲ್ಲ ಕಣಮ್ಮ. ನಮಗೆ ರಾಹುಕಾಲ ಅಂತ ಹೇಳ್ದ. ಒತ್ತಲೇ ಇಲ್ಲ ಅಂದ. ಅವರು ಪಾರ್ಸಲ್ಲು ಬಂತಾ ಅಂತ ಕೇಳ್ಕೊಂಡೇ ಹೋದ್ರು."

ಅವಳು ಅಳಲಿಲ್ಲ. ಎಲೆಯ ತುದಿ ಹಿಡಿದು ಮಡಿಸಿದಳು. ಉಣ್ಣದ ಎಲೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ನಾನೂ ಉಣ್ಣದೆ ಮನೆಗೆ ಬಂದೆ.

ಮಾರನೇ ದಿನ ಬೆಳಿಗ್ಗೆ ಎದ್ದು ಸ್ನಾನ ಮಾಡಿದೆ. ಏಳು ಗಂಟೆಗೆ ಗುಜರಿಯವನ ಮನೆಗೆ ಹೋಗಿ, ಗ್ಯಾಸ್ ಕಟರ್ ತಗೊಂಡು ಬಾ ಅಂದೆ. ಬಂದ. ಶೆಡ್ಡಿನ ಬಾಗಿಲು ತೆಗೆದು ತೋರಿಸಿದೆ. ಸುತ್ತ ಒಂದು ಸಲ ತಿರುಗಿ ನೋಡಿದ.

"ಅಜ್ಜಿ, ಇದು ಹಳೇ ಕಾಲದ ಕಾರು. ಹಿಂಗೇ ಇಟ್ರೆ ಯಾರಾದ್ರೂ ಕೇಳ್ಕೊಂಡು ಬರ್ತಾರೆ."

"ಭಾನುವಾರ ಬರ್ತಾರೆ. ಅದಕ್ಕೇ ಇವತ್ತು ನಿನ್ನ ಕರೆದಿದ್ದು. ಒಂದು ಸಾಮಾನೂ ಇಡಿಯಾಗಿ ಉಳೀಬಾರ್ದು. ಇಲ್ಲೇ, ನನ್ನ ಕಣ್ಣೆದುರಿಗೇ ಕತ್ತರಿಸು."

ಬಾನೆಟ್ಟು ಕತ್ತರಿಸಿದ, ಬಾಗಿಲು ಕತ್ತರಿಸಿದ. ಇಂಜಿನ್ನನ್ನ ಸುತ್ತಿಗೇಲಿ ಒಡೆದ. ಸ್ಟೀರಿಂಗಿನ ಹತ್ತಿರ ಬಂದಾಗ ಕೈ ನಿಲ್ಲಿಸಿದ. "ಯಜಮಾನ್ರು ದಿನಾ ಹಿಡ್ಕೊಂಡು ಕೂರ್ತಿದ್ರು, ನಾನೂ ನೋಡಿದೀನಿ. ಇದೊಂದು ಮನೇಲಿ ಇಟ್ಕೊಳಿ ಅಜ್ಜಿ" ಅಂದ.

"ನಾನು ಸತ್ತ ಮೇಲೆ ಅದೂ ಹರಾಜಿಗೆ ಹೋಗ್ತದೆ. ಕತ್ತರಿಸು" ಅಂದೆ.

ಕತ್ತರಿಸಿದ. ಗಾಡಿಗೆ ತುಂಬಿಕೊಂಡು ಹೋದ. ಆಮೇಲೆ ನಾನು ಶೆಡ್ಡಿಗೆ ನಾಲ್ಕು ಬಿಂದಿಗೆ ನೀರು ಹಾಕಿ ತೊಳೆದೆ. ಎಣ್ಣೆ ಕಲೆ ಹೋಗಲಿಲ್ಲ. ಒಳಗೆ ಬಂದು ಅನ್ನಕ್ಕಿಟ್ಟೆ.